ಮಿಸ್ತ್ರಿಯ ಬೆನ್ನು

೧೨ ನವೆಂಬರ್ ೧೯೮೪, ಇಳಕಲ್

ಈ ದಿನಚರಿ ಪುಸ್ತಕವನ್ನು ಸಾಹುಕಾರರು ವರ್ಷದ ಆರಂಭದಲ್ಲಿ ಕೊಟ್ಟಿದ್ದರು. ಇಷ್ಟು ದಿನ ಬೋರವ್ವ ಇದರ ಮೇಲೆ ಬಿಸಿ ಹಾಲಿನ ಪಾತ್ರೆ ಇಡುತ್ತಿದ್ದಳು. ಇವತ್ತು ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡಿದ್ದಕ್ಕೆ, ಸೆರಗಿನಿಂದ ಇದನ್ನು ಒರೆಸಿ ನನ್ನ ಮುಂದೆ ಒಗೆದಳು.

"ನಿಮ್ಮ ಸಿಟ್ಟು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಇದರಾಗ ಬರಕೊಳ್ರಿ. ಇದಕ್ಕ ಕಿವಿ ಇಲ್ಲ."

ಹೆಂಡತಿಯ ಮಾತು ಮೀರಿದರೆ ರೊಟ್ಟಿ ಸಿಗುವುದಿಲ್ಲ. ಬರೆಯುತ್ತಿದ್ದೇನೆ.

ಸಿಟ್ಟಿನ ಕಾರಣ ಇಷ್ಟು. ನಾನು ಮಲಕಪ್ಪ, ಈ ಗ್ರಾನೈಟ್ ಕಾರ್ಖಾನೆಯ ಹಿರಿಯ ಮಿಸ್ತ್ರಿ. ಬಂಡೆ ಕೊಯ್ಯುವ ದೊಡ್ಡ ಗರಗಸ ಯಂತ್ರ ನನ್ನ ಕೈ ಬೀಳದೆ ಸರಿಯಾಗಿ ಓಡುವುದಿಲ್ಲ. ಇದು ಹುನಗುಂದದ ತನಕ ಎಲ್ಲರಿಗೂ ಗೊತ್ತಿರುವ ಮಾತು. ಇಂಥ ನನ್ನನ್ನು ಸಾಹುಕಾರ ಗಾಳೆಪ್ಪನವರು ಆಫೀಸಿಗೆ ಕರೆದು, "ಮಲಕಪ್ಪಾ, ನಾಳಿಂದ ನೀ ಮಾಸ್ತರ" ಎಂದರು. ಎದುರಿಗೆ ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಹೊಳಬಸಪ್ಪನವರು ಚಹಾ ಕುಡಿಯುತ್ತಾ ಕೂತಿದ್ದರು. ಅವರ ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ಯುಗಾದಿಯ ತನಕ ನಮ್ಮಲ್ಲೇ ಇದ್ದು ಕೆಲಸ ಕಲಿಯಬೇಕಂತೆ. ಕೈಕೆಲಸ ನಾನು ಹೇಳಿಕೊಡಬೇಕು, ಪ್ರೊಫೆಸರರು ಶನಿವಾರ ಬಂದು ಪಾಠ ಮಾಡುತ್ತಾರೆ. ಕಾಲೇಜೂ ಕಾರ್ಖಾನೆಯೂ ಕೂಡಿ ಕಲಿಸುವುದು ಈ ಕಡೆ ಇದೇ ಮೊದಲಂತೆ.

"ನಾ ಮಾಸ್ತರ ಅಲ್ರಿ, ಮಿಸ್ತ್ರಿ" ಎಂದೆ.

"ಎರಡರಾಗೂ ಬಡಿಯೂದ ಐತಿ. ಮಾಡು" ಎಂದು ಸಾಹುಕಾರರು ನಕ್ಕರು.

ನಗು ಅಲ್ಲಿಗೇ ಮುಗಿಯಿತು. ಮುಂಬಯಿಯಿಂದ ಹೊಸ ಗರಗಸ ಯಂತ್ರ ಬರುತ್ತದೆ. ಅದನ್ನು ಈ ನಾಲ್ವರೇ ಜೋಡಿಸಿ, ಯುಗಾದಿಯೊಳಗೆ ಒಂದು ಬಂಡೆ ಕೊಯ್ದು ತೋರಿಸಬೇಕು. ಆ ದಿನ ನಾನು ಕೈ ಹಚ್ಚುವಂತಿಲ್ಲ. ಕಲ್ಲು ಸರಿಯಾಗಿ ಬಂದರೆ ನಾಲ್ವರಿಗೂ ಇಲ್ಲೇ ನೌಕರಿ, ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು. ಬರದಿದ್ದರೆ ಕಾಲೇಜಿನ ಸಹವಾಸ ಅಲ್ಲಿಗೇ ಮುಗಿಯಿತು, ಮುಂಬಯಿಯ ಫಿಟ್ಟರ್ ಬಂದು ಕೂರುತ್ತಾನೆ.

೧೫ ನವೆಂಬರ್

ಬಂದರು. ಬಾದಾಮಿಯ ಅಬೇದಾ ಎಂಬ ಹುಡುಗಿ, ಹುನಗುಂದದ ಹುಲ್ಲಪ್ಪ, ಇನ್ನಿಬ್ಬರು. ಆ ಇಬ್ಬರಲ್ಲಿ ಅಮಸಿದ್ದಪ್ಪ ಯಾರು, ಮಾಳಪ್ಪ ಯಾರು ಎಂದು ತಿಳಿಯಲಿಲ್ಲ, ತಿಳಿಯುವ ಹುಕಿಯೂ ಇಲ್ಲ. ಅಂಗಿಗೆ ಇಸ್ತ್ರಿ ಹಾಕಿಕೊಂಡು ಕಲ್ಲಿನ ಕಾರ್ಖಾನೆಗೆ ಬಂದಿದ್ದಾರೆ, ಬೀಗರ ಮನೆಗೆ ಬಂದವರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ರಾಡಿ ಎಲ್ಲರನ್ನೂ ಒಂದೇ ಬಣ್ಣ ಮಾಡಿತು. ಅದೊಂದು ಸಮಾಧಾನ.

೨೪ ನವೆಂಬರ್

ಇವತ್ತು ಹಳೆಯ ಯಂತ್ರದ ಪಟ್ಟಿ ಬಿಗಿಯುವ ಕೆಲಸ ಇತ್ತು. ನಮ್ಮ ಕೆಲಸದ ಜೀವ ಇರುವುದು ಇಲ್ಲೇ. ಯಂತ್ರದ ಚೌಕಟ್ಟಿನಲ್ಲಿ ಉಕ್ಕಿನ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ, ಅವು ಹಿಂದಕ್ಕೂ ಮುಂದಕ್ಕೂ ಆಡಿ ಬಂಡೆಯನ್ನು ಹಲಗೆಯಂಥ ಹಾಸುಗಳಾಗಿ ಕೊಯ್ಯುತ್ತವೆ. ಎಲ್ಲ ಪಟ್ಟಿಗಳೂ ಒಂದೇ ಬಿಗಿಯಲ್ಲಿರಬೇಕು. ಒಂದು ಸಡಿಲಾದರೂ ಹಾಸು ಹಪ್ಪಳದಂತೆ ಸೊಟ್ಟಗೆ ಬರುತ್ತದೆ. ನಾನು ಸಣ್ಣ ಸುತ್ತಿಗೆಯಿಂದ ಬಡಿದು ನಾದ ಕೇಳಿ ಬಿಗಿ ಹೇಳುತ್ತೇನೆ.

ಹುಲ್ಲಪ್ಪನಿಗೆ ಬೋಲ್ಟು ಬಿಗಿಯುವ ಪಾನಾ ಕೊಟ್ಟೆ. ಎಮ್ಮೆ ಮೆಲುಕು ಹಾಕಿದ ಹಾಗೆ ತಿರುಗಿಸುತ್ತಿದ್ದ. ನನ್ನಿಂದ ನೋಡಲಾಗಲಿಲ್ಲ. "ಸರಿ ಅತ್ಲಾಗ" ಎಂದು ಕಸಿದುಕೊಂಡು ನಾನೇ ಎಲ್ಲ ಬಿಗಿದೆ. ಮುಗಿಸಿ ಬೆವರು ಒರೆಸಿಕೊಂಡು, "ನೋಡಿದ್ರೇನು?" ಎಂದು ಕೇಳಿದೆ. ಮೂವರು ಕುರಿಗಳಂತೆ ತಲೆ ಆಡಿಸಿದರು. ಆ ಅಬೇದಾ ಮಾತ್ರ, "ಇಲ್ರಿ ಸರ್. ನಮಗ ಬರೇ ನಿಮ್ಮ ಬೆನ್ನ ಕಾಣಿಸ್ತು" ಎಂದಳು.

ಕಾರ್ಖಾನೆಯ ಆಳುಗಳೆಲ್ಲ ಇದ್ದರು. ಒಬ್ಬ ಕಿಸಕ್ಕನೆ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

೨೫ ನವೆಂಬರ್

ಬೋರವ್ವನಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ಹುಡುಗಿ ಖರೆನ ಹೇಳ್ಯಾಳ. ನೀವು ಚಾ ಮಾಡೂ ಮುಂದೂ ಒಲಿಗೆ ಅಡ್ಡ ನಿಂದರ್ತೀರಿ. ಏನರ ಚಾಪುಡಿ ಕದಿಯಾಕ ಬಂದೇವೇನು ನಾವು?"

ಈ ಮನೆಯಲ್ಲಿ ನನ್ನ ಕಡೆಯವರು ಯಾರೂ ಇಲ್ಲ.

ನಾನೇನು ಬೇಕೆಂದೇ ಬೆನ್ನು ತಿರುಗಿಸುತ್ತೇನೆಯೇ? ನಮ್ಮ ಉಸ್ತಾದ ಅಮೀನಸಾಬರು ಹಾಗೇ ನಿಲ್ಲುತ್ತಿದ್ದರು. ನನ್ನ ಕೈಗೆ ಕಂದೀಲು ಕೊಟ್ಟು, ಯಂತ್ರಕ್ಕೆ ಅಡ್ಡ ನಿಂತು ಬಿಗಿಯುತ್ತಿದ್ದರು. ನಾನು ಅವರ ಕಂಕುಳ ಸಂದಿಯಿಂದ ಇಣುಕಿ, ಮೊಣಕೈ ಎತ್ತ ಹೋಗುತ್ತದೆ ಎಂದು ನೋಡಿ ನೋಡಿ, ಎಂಟೊಂಬತ್ತು ವರ್ಷ ಕದ್ದು ಕಲಿತೆ. ವಿದ್ಯೆ ಕದ್ದರೇ ಗಟ್ಟಿ. ಪುಕ್ಕಟೆ ಹಂಚಿದರೆ ನಾಳೆ ನನ್ನನ್ನು ಕೇಳುವವರು ಯಾರು? ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆಯೇ ಗತಿ.

೮ ಡಿಸೆಂಬರ್

ನಾಲ್ವರೂ ತಾವೇ ಹಳೆಯ ಯಂತ್ರದ ಪಟ್ಟಿ ಬಿಗಿದರು. ಬಿಗಿ ಅಳೆಯಲು ಕಾಲೇಜಿನಿಂದ ಗಡಿಯಾರದ ಹಾಗೆ ಮುಳ್ಳಿರುವ ಗೇಜ್ ತಂದಿದ್ದರು. ಒಂದು ತುದಿಯಿಂದ ಶುರು ಮಾಡಿ, ಒಂದೊಂದೇ ಪಟ್ಟಿ ಅಳೆದು ಬಿಗಿದು, ಇನ್ನೊಂದು ತುದಿಗೆ ಮುಗಿಸಿದರು. ಹಾಗೆ ಮಾಡಬಾರದು ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಹಾಸು ಹೊರಗೆ ಬಂತು. ಸೊಟ್ಟ! ನನಗೆ ನಗು ತಡೆಯಲಾಗಲಿಲ್ಲ.

ಶನಿವಾರವಾದ್ದರಿಂದ ಪ್ರೊಫೆಸರರು ಇದ್ದರು. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಟ್ಟು ಬರೆದು, ಒಂದು ಪಟ್ಟಿ ಬಿಗಿದರೆ ಚೌಕಟ್ಟೇ ಕೂದಲೆಳೆಯಷ್ಟು ಬಾಗುತ್ತದೆ, ಮೊದಲು ಬಿಗಿದದ್ದು ಸಡಿಲಾಗುತ್ತದೆ ಎಂದು ಬಿಡಿಸಿ ಹೇಳಿದರು. ನಾನು ಬೆರಗಾದೆ. ಹಾಗಾಗುತ್ತದೆ ಎಂದು ನನ್ನ ಕೈಗೆ ಗೊತ್ತಿತ್ತು, ಯಾಕೆ ಎಂದು ಇವತ್ತೇ ತಿಳಿದದ್ದು. ಅವರು ತಿರುಗಿ, "ಮಿಸ್ತ್ರಿಯವರ, ಹಂಗಾದ್ರ ನೀವು ಯಾವ ಕಡೆಯಿಂದ ಬಿಗೀತೀರಿ?" ಎಂದು ಕೇಳಿದರು.

"ಅದು ಹೇಳಾಕ ಬರೂದಿಲ್ರಿ. ಕೈಗೆ ಗೊತ್ತು" ಎಂದೆ.

ಕೆಲಸ ಬಿಟ್ಟಾಗ ಹುಲ್ಲಪ್ಪ ನನ್ನ ಜೊತೆ ಗೇಟಿನ ತನಕ ಬಂದ. ಅವನ ಅಣ್ಣ ಇದೇ ಕಾಲೇಜಿನಲ್ಲಿ ಪಾಸಾದವನಂತೆ, ಈಗ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಾನಂತೆ. "ಎಲ್ಲಿ ಹೋದ್ರೂ, ನಿನಗ ಕೆಲಸ ಬರತೈತೇನು ಅಂತಾರ್ರಿ ಸರ್. ಕೆಲಸ ಕೊಡದಿದ್ರ ಕೆಲಸ ಹೆಂಗ ಬರತೈತ್ರಿ?" ಎಂದ.

ಇವತ್ತು ಅರ್ಧ ಜೋಳದ ರೊಟ್ಟಿಗೇ ಎದ್ದುಬಿಟ್ಟೆ. ಬೋರವ್ವ ನೀರು ಕಡಿಮೆ ಹಾಕಿ ನಾದಿದ್ದಾಳೆ.

೨೨ ಡಿಸೆಂಬರ್, ಎಳ್ಳಮಾವಾಸ್ಯೆ

ನಾಲ್ವರನ್ನೂ ನಮ್ಮ ಹೊಲಕ್ಕೆ ಕರೆದೊಯ್ದೆವು. ಬೋರವ್ವ ಕರೆದದ್ದು, ನಾನಲ್ಲ. ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಉಂಡೆವು. ಅಮಸಿದ್ದಪ್ಪ ಬೀರಪ್ಪನ ಪದ ಹಾಡಿದ. ಏನು ಕಂಠ! ಮಾಳಪ್ಪ ಹಳ್ಳದ ಪಂಪಿನ ಸದ್ದು ಕೇಳಿ, ಹೇಳದೆ ಕೇಳದೆ ಹೋಗಿ ಅದನ್ನು ರಿಪೇರಿ ಮಾಡಿ ಬಂದ. ಅಬೇದಾ ಬೋರವ್ವನ ಜೊತೆ ಕೂತು ಅದೇನು ಗುಸುಗುಸು ನಗುತ್ತಿದ್ದಳೋ. ನನ್ನ ಕಡೆ ನೋಡಿ ನಕ್ಕರು ಅನ್ನುವುದು ಖಂಡಿತ.

೧೧ ಜನವರಿ ೧೯೮೫

ಹೊಸ ಯಂತ್ರ ಬಂದು ವಾರವಾಯಿತು. ನನ್ನ ಉಸ್ತುವಾರಿಯಲ್ಲಿ ನಾಲ್ವರೂ ಜೋಡಿಸುತ್ತಿದ್ದಾರೆ. ಕಬ್ಬಿಣದ ಭಾಗಗಳೆಲ್ಲ ನನಗೆ ಅಣ್ಣತಮ್ಮಂದಿರಿದ್ದ ಹಾಗೆ. ಆದರೆ ಜೊತೆಗೆ ಒಂದು ಕರೆಂಟಿನ ಪೆಟ್ಟಿಗೆ ಬಂದಿದೆ, ಒಳಗೆ ಸಣ್ಣ ಸಣ್ಣ ದೀಪ, ತಂತಿ, ತಿರುಗುಗುಂಡಿ. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೋಟಾರು ಚಾಲೂ ಮಾಡಿದರೆ ಐದು ನಿಮಿಷಕ್ಕೆ ನಿಂತುಬಿಡುತ್ತದೆ. ಬೇರಿಂಗಿನ ತಪ್ಪು ಎಂದು ಕೂಗಾಡಿದೆ, ಮುಂಬಯಿಯವರನ್ನು ಬೈದೆ. ನನಗೆ ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಸಂಜೆ ಎಲ್ಲರೂ ಚಹಾಕ್ಕೆ ಹೋದಾಗ ಅಬೇದಾ ಪೆಟ್ಟಿಗೆಯ ಬಾಗಿಲು ತೆರೆದಳು. ನಾನು ಹಿಂದೆ ನಿಂತಿದ್ದೆ. ಅವಳು ತಾನೇ ಪಕ್ಕಕ್ಕೆ ಸರಿದು, "ಸರ್, ಅಲ್ಲಿಂದ ಕಾಣೂದಿಲ್ರಿ. ಮುಂದ ಬರ್ರಿ" ಎಂದಳು. ನಮ್ಮೂರ ಕರೆಂಟು ಕುಸಿಯುತ್ತದೆ, ಕುಸಿದಾಗ ಮೋಟಾರು ಸುಡದಿರಲಿ ಎಂದು ಈ ಪೆಟ್ಟಿಗೆಯೇ ಅದನ್ನು ನಿಲ್ಲಿಸುತ್ತದೆ, ಮುಂಬಯಿಯ ಕರೆಂಟಿಗೆ ಹೊಂದಿಸಿದ್ದನ್ನು ಇಳಕಲ್ಲಿಗೆ ಹೊಂದಿಸಬೇಕು, ಆದರೆ ಮೋಟಾರಿಗೆ ಧಕ್ಕೆಯಾಗುವಷ್ಟು ಇಳಿಸಬಾರದು. ಇಷ್ಟನ್ನೂ ಬೆರಳಿಟ್ಟು ತೋರಿಸಿದಳು. ತಾನು ಗುಂಡಿ ಮುಟ್ಟಲಿಲ್ಲ.

"ನೀವ ತಿರುವ್ರಿ ಸರ್."

"ಸುಟ್ಟು ಹೋದ್ರ?"

"ಹೋಗೂದಿಲ್ರಿ. ನಾ ಇಲ್ಲೇ ನಿಂತೇನಲ್ಲ."

ತಿರುಗಿಸಿದೆ. ಮೋಟಾರು ಓಡಿತು, ನಿಲ್ಲಲಿಲ್ಲ. ಯವ್ವಾ!

೨೦ ಜನವರಿ

ಉಸ್ತಾದ ಅಮೀನಸಾಬರ ಮನೆಗೆ ಹೋಗಿದ್ದೆ. ಕಣ್ಣು ಮಂಜಾಗಿವೆ, ಬಾಯಿ ಮಾತ್ರ ಹಳೆಯ ಹಾಗೇ ಇದೆ. "ಬಾರಲೇ ಮಲ್ಯಾ, ಮಾಸ್ತರ ಆಗೀಯಂತ" ಎಂದು ಛೇಡಿಸಿದರು. ಚಹಾ ಕುಡಿದು, ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಉಸ್ತಾದರ, ಪಟ್ಟಿ ಬಿಗಿಯೂ ಮುಂದ ನೀವು ಯಾಕ ಬೆನ್ನ ತಿರುಗಿಸ್ತಿದ್ರಿ? ನಾ ಕಲೀಬಾರದು ಅಂತೇನ್ರಿ?"

ಅವರು ಗಡ್ಡ ತುರಿಸಿಕೊಂಡರು. "ನಮ್ಮ ಉಸ್ತಾದ ಹಂಗ ನಿಂದರ್ತಿದ್ದ. ಹಂಗ ನಿಂತ್ರನ ಬಿಗಿ ಬರತೈತಿ ಅಂತ ತಿಳಕೊಂಡಿದ್ದೆ ಲೇ! ನಿಲ್ಲೂದೂ ಕೆಲಸದಾಗ ಒಂದು ಅಂತ!"

ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಇಬ್ಬರಿಗೂ ನಗು ಹತ್ತಿತು, ಉಸ್ತಾದರಿಗೆ ಕೆಮ್ಮು ಬರುವ ತನಕ ನಕ್ಕೆವು. ಒಳಗಿನಿಂದ ಅವರ ಹೆಂಡತಿ ಲಾಲಬಿ ಬಂದು ಇಬ್ಬರನ್ನೂ ಬೈದರು.

ಹೊರಡುವಾಗ ಮನಸ್ಸಿನ ಅಳುಕು ಹೇಳಿದೆ. ಎಲ್ಲ ತೋರಿಸಿಬಿಟ್ಟರೆ ನನಗೇನು ಉಳಿಯುತ್ತದೆ?

"ನಾ ನಿನಗ ತೋರಸಲಿಲ್ಲ. ನನಗೇನು ಉಳೀತು ಹೇಳು? ನೀ ಕದ್ದಿ, ಅದಕ್ಕ ಕೆಲಸ ಉಳೀತು. ಆ ಹುಡುಗರಿಗೆ ಕದಿಯಾಕ ಎಂಟ ವರ್ಷ ಎಲ್ಲೈತಿ? ಯುಗಾದಿ ಬಂತಲ್ಲೋ."

೨೧ ಜನವರಿ

ತೋರಿಸಿದೆ. ಪಟ್ಟಿಗಳ ಆ ಬದಿಗೆ ನಾನು, ಈ ಬದಿಗೆ ನಾಲ್ವರು, ಎದುರುಬದುರು. ನಡುವಿನಿಂದ ಶುರು ಮಾಡಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೊದಲ ಸುತ್ತು ಅರೆಬಿಗಿ, ಮತ್ತೆ ನಡುವಿಗೆ ಬಂದು ಪೂರಾ ಬಿಗಿ. ಇಷ್ಟೇ. ಹೇಳಿ ಮುಗಿಸಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕಾಯಿತು. ಇಷ್ಟನ್ನು ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದೆನೇ? ನನಗೇ ನಾಚಿಕೆಯಾಯಿತು.

ಆಮೇಲೆ ಅವರು ಮಾಡಿದರು. ಹುಲ್ಲಪ್ಪನ ಕೈ ಈಗಲೂ ಎಮ್ಮೆ ಮೆಲುಕೇ. ನನ್ನ ಅಂಗೈ ತುರಿಸಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ನಿಧಾನವಾದರೂ ಅವನು ಬಿಗಿದದ್ದು ಗೇಜಿನಲ್ಲಿ ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

೧೬ ಫೆಬ್ರವರಿ, ಬಾಗಲಕೋಟೆ

ಪ್ರೊಫೆಸರರು ಕಾಲೇಜಿಗೆ ಕರೆಸಿ, ಇಡೀ ವರ್ಗದ ಮುಂದೆ ನನ್ನಿಂದ ಒಂದು ತಾಸು ಪಾಠ ಮಾಡಿಸಿದರು. ಮದುವೆಯ ಕೋಟು ಹಾಕಿಕೊಂಡು ಹೋಗಿದ್ದೆ, ಗುಂಡಿ ಹತ್ತಲಿಲ್ಲ. ಒಯ್ದಿದ್ದ ಸಣ್ಣ ಚೌಕಟ್ಟಿನ ಪಟ್ಟಿಗಳನ್ನು ಅಮಸಿದ್ದಪ್ಪ ನಾನು ಕಲಿಸಿದ ಹಾಗೆ ಬಡಿದು ನಾದದಿಂದ ಬಿಗಿ ಹೇಳಿದ, ಮಾಳಪ್ಪ ಗೇಜ್ ಓದಿದ. ಕಿವಿಯೂ ಮುಳ್ಳೂ ಪ್ರತಿ ಸಲ ಒಂದೇ ಮಾತು ಹೇಳಿದವು. ಹುಡುಗರು ಚಪ್ಪಾಳೆ ಹೊಡೆದರು. ಆಮೇಲೆ ಪ್ರೊಫೆಸರರು ಲೆಕ್ಕ ಬಿಡಿಸುತ್ತಾ ಕರಿಹಲಗೆಗೆ ಅಡ್ಡ ನಿಂತರು. ನಾನು ಬಿಡಲಿಲ್ಲ.

"ಪ್ರೊಫೆಸರ್ರ, ಬರೇ ಬೆನ್ನ ಕಾಣತೈತ್ರಿ!"

ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಹೊಳಬಸಪ್ಪನವರೇ ನಕ್ಕರು. ಭಾಳ ಚಲೋ ಮನುಷ್ಯ.

೧೨ ಮಾರ್ಚ್

ಇವತ್ತು ಪರೀಕ್ಷೆ ಶುರು. ಸಾಹುಕಾರರು ಒಂದು ದೊಡ್ಡ ಕೆಂಪು ಬಂಡೆ ಇಡಿಸಿದ್ದಾರೆ. ಮುಂಬಯಿಯ ಫಿಟ್ಟರ್‌ಗೆ ಟ್ರಂಕ್ ಕಾಲ್ ಮಾಡಿ, ಕರೆದರೆ ಬರಲು ತಯಾರಿರು ಎಂದು ಹೇಳಿದ್ದಾರಂತೆ. ನಾಲ್ವರೂ ಪಟ್ಟಿ ಬಿಗಿದು, ಪೆಟ್ಟಿಗೆ ನೋಡಿ, ಯಂತ್ರ ಚಾಲೂ ಮಾಡಿದರು. ಕಲ್ಲು ಕೊಯ್ದು ಮುಗಿಯಲು ದಿನಗಳೇ ಬೇಕು. ಅಲ್ಲಿಯ ತನಕ ಒಳಗೆ ಹಾಸು ನೆಟ್ಟಗಿದೆಯೋ ಸೊಟ್ಟಗಿದೆಯೋ ದೇವರಿಗೇ ಗೊತ್ತು.

೧೩ ಮಾರ್ಚ್

ಕೊಯ್ಯುತ್ತಿದೆ.

೧೪ ಮಾರ್ಚ್

ಕೊಯ್ಯುತ್ತಿದೆ. ಬೀರಪ್ಪನಿಗೆ ಕಾಯಿಯ ಹರಕೆ ಹೊತ್ತೆ. ಅಬೇದಾಳ ಹೆಸರಿನಲ್ಲಿ ಬೋರವ್ವ ದರ್ಗಾಕ್ಕೆ ಸಕ್ಕರೆಯ ಹರಕೆ ಹೊತ್ತಿದ್ದಾಳೆ.

೧೫ ಮಾರ್ಚ್

ಹಾಳಾದ ಕರೆಂಟು! ಮಧ್ಯಾಹ್ನ ಪೂರ್ತಿ ಹೋಯಿತು. ಪಟ್ಟಿಗಳು ಕಲ್ಲಿನ ನಡುವೆ ಹಾಗೇ ನಿಂತುಬಿಟ್ಟವು. ಕರೆಂಟು ಬಂದಾಗ ಸುಮ್ಮನೆ ಗುಂಡಿ ಒತ್ತಿದರೆ ಪಟ್ಟಿ ಕಚ್ಚಿಕೊಂಡು ತಿರುಚುತ್ತವೆ, ಬಂಡೆ ಕೆಟ್ಟ ಹಾಗೆಯೇ. ಮೊದಲು ಚೌಕಟ್ಟನ್ನು ಕೈಯಿಂದ ಒಂದು ಬೆರಳು ಮೇಲೆತ್ತಬೇಕು, ಪಟ್ಟಿಗಳನ್ನು ಬಡಿದು ನೋಡಬೇಕು. ಈ ಮಾತು ನಾನು ಎಂದೋ ಒಮ್ಮೆ ಬಾಯಿಮಾತಿನಲ್ಲಿ ಹೇಳಿದ್ದೆ ಅಷ್ಟೇ. ನೆನಪಿದೆಯೋ ಇಲ್ಲವೋ?

ಕರೆಂಟು ಬಂತು. ಮಾಳಪ್ಪನ ಕೈ ಗುಂಡಿಯ ಕಡೆ ಹೋಯಿತು. ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಬಂತು. ಸಾಹುಕಾರರು ನನ್ನನ್ನೇ ನೋಡುತ್ತಿದ್ದರು. ಹಲ್ಲು ಕಚ್ಚಿ, ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ನಿಂತೆ.

"ತಡಿಯೋ ಲೇ!" ಕೂಗಿದವನು ಹುಲ್ಲಪ್ಪ. "ಮೊದಲ ಎತ್ತಬೇಕು! ಸರ್ ಹೇಳಿದ್ದು ಮರತಿ?"

ಅದೇ ಎಮ್ಮೆ ಮೆಲುಕು ಹುಲ್ಲಪ್ಪ! ಅವನೇ ಚಕ್ರ ಹಿಡಿದು ನಿಧಾನಕ್ಕೆ, ಭಾಳ ನಿಧಾನಕ್ಕೆ ಚೌಕಟ್ಟು ಎತ್ತಿದ. ಅವಸರದ ಕೈ ಆಗಿದ್ದರೆ ಪಟ್ಟಿ ಮುರಿಯುತ್ತಿತ್ತು. ಅಮಸಿದ್ದಪ್ಪ ಒಂದೊಂದನ್ನೂ ಬಡಿದು ಕಿವಿ ಕೊಟ್ಟ. ಎರಡು ಸಡಿಲಾಗಿದ್ದವು, ಬಿಗಿದರು. ಅಬೇದಾ ಪೆಟ್ಟಿಗೆ ನೋಡಿ ಚಾಲೂ ಮಾಡಲು ಸನ್ನೆ ಮಾಡಿದಳು. ಯಂತ್ರ ಬಿಟ್ಟರು.

೧೭ ಮಾರ್ಚ್

ಗೆದ್ದರು! ಗೆದ್ದರು!

ನೀರು ಹೊಡೆದು ರಾಡಿ ತೊಳೆದಾಗ ಮೊದಲ ಹಾಸು ಕನ್ನಡಿಯ ಹಾಗೆ ನೆಟ್ಟಗೆ ನಿಂತಿತ್ತು. ಸಾಹುಕಾರರು ತಾವೇ ಅಳತೆಕೋಲು ಹಿಡಿದು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದರು. ಎರಡನೆಯದು, ಮೂರನೆಯದು, ಕೊನೆಯದು. ಕೋಲಿನ ಕೆಳಗೆ ಬೆಳಕು ಕೂಡ ತೂರಲಿಲ್ಲ. ಕೋಲು ಬದಿಗಿಟ್ಟು, "ಮುಂಬಯಿಯವಗ ಬರೂದು ಬ್ಯಾಡ ಅಂತ ಹೇಳ್ರಿ. ನಾಲ್ಕೂ ಮಂದಿಗೆ ಇವತ್ತಿಂದನ ನೌಕರಿ. ಪ್ರೊಫೆಸರ್ರ, ಮುಂದಿನ ವರ್ಷ ಎಂಟು ಮಂದಿ ಕಳಸ್ರಿ" ಎಂದರು. ಕಾರ್ಖಾನೆಯ ಆಳುಗಳು ಸಿಳ್ಳೆ ಹೊಡೆದರು. ಹುಲ್ಲಪ್ಪ ಅಣ್ಣನಿಗೆ ತಿಳಿಸಲು ಹುನಗುಂದದ ಬಸ್ಸಿಗೆ ಓಡಿದ, ಮೈಯ ರಾಡಿ ಕೂಡ ತೊಳೆಯಲಿಲ್ಲ.

ಉಸ್ತಾದರನ್ನೂ ಟಾಂಗಾದಲ್ಲಿ ಕರೆಸಿದ್ದೆ. ಅಬೇದಾ ಅವರನ್ನು ಕುರ್ಚಿಯ ಮೇಲೆ ಯಂತ್ರದ ಹತ್ತಿರವೇ ಕೂರಿಸಿ, ಮುಂದಿನ ಬಂಡೆಗೆ ಪಟ್ಟಿ ಹೇಗೆ ಬಿಗಿಯುತ್ತೇವೆ ಎಂದು ಎದುರಿಗೆ ನಿಂತು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ಕೊನೆಯ ತನಕ ನೋಡಿದರು.

"ಶಾಬಾಸ್ ಬೇಟಿ! ಇಡೀ ಜನ್ಮ ಇದನ್ನ ಮಾಡಿದೆ. ಮುಂದಿನಿಂದ ನೋಡಿದ್ದು ಇವತ್ತ ಮೊದಲು" ಎಂದರು.

ನನ್ನ ಕಣ್ಣಿಗೆ ಕಲ್ಲಿನ ಧೂಳು ಹೋಗಿತ್ತು. ಸಾಹುಕಾರರು ನೋಡಿ, "ಏನೋ ಮಲಕಪ್ಪಾ, ಅಳಾಕತ್ತೀಯಲ್ಲ" ಎಂದರು. ಹೌದು, ಅತ್ತೆ. ಏನೀಗ?

೨೨ ಮಾರ್ಚ್, ಯುಗಾದಿ

ಬೇವುಬೆಲ್ಲಕ್ಕೆ ನಾಲ್ವರೂ ಬಂದಿದ್ದರು. ಬೋರವ್ವ ಬೇವು ನನಗೇ ಹೆಚ್ಚು ಹಾಕಿದಳು, ಬೇಕೆಂದೇ. ಬರೆಯಲು ಪುರುಸೊತ್ತಿಲ್ಲ.

೧೮ ನವೆಂಬರ್ ೧೯೮೫

ಬಹಳ ದಿನದ ಮೇಲೆ ಇದನ್ನು ತೆಗೆದಿದ್ದೇನೆ. ಸಿಟ್ಟು ಬಂದಿದೆ.

ಕಾಲೇಜಿನಿಂದ ಹೊಸ ಎಂಟು ಮಂದಿ ಬಂದಿದ್ದಾರೆ. ಹೊಸ ಯಂತ್ರದಲ್ಲಿ ಅವರಿಗೆ ಕಲಿಸುವುದು ಈಗ ಅಬೇದಾಳ ಪಾಲಿನ ಕೆಲಸ. ಇವತ್ತು ಹೋಗಿ ನೋಡಿದರೆ, ಬಾಗಲಕೋಟೆಯ ಒಬ್ಬ ಹುಡುಗಿ ಪಾನಾ ಹಿಡಿದು ತಡವರಿಸುತ್ತಿದ್ದಳು. ಬಂಡೆ ಕಾಯುತ್ತಿತ್ತು, ಅವಸರವಿತ್ತು. ಅಬೇದಾ ಅವಳನ್ನು ಸರಿಸಿ, ಪಾನಾ ಕಸಿದುಕೊಂಡು, ಯಂತ್ರಕ್ಕೆ ಅಡ್ಡ ನಿಂತು ತಾನೇ ಬಿಗಿಯತೊಡಗಿದಳು! ಎಂಟೂ ಮಂದಿ ಹಿಂದೆ ನಿಂತು ಅವಳ ಬೆನ್ನು ನೋಡುತ್ತಿದ್ದರು.

"ಏ ಅಬೇದಾ! ಪಾನಾ ಆಕೀ ಕೈಯಾಗ ಕೊಡು. ಸರಿ ಅತ್ಲಾಗ! ನಿನ್ನ ಬೆನ್ನ ನೋಡಾಕ ಬಂದಾರೇನು ಅವ್ರು?" ಎಂದು ಎಲ್ಲರ ಮುಂದೆಯೇ ಗದರಿಸಿದೆ.

ಅವಳು ತಿರುಗಿ ನನ್ನ ಮುಖ ನೋಡಿದಳು, ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಹುಲ್ಲಪ್ಪನೂ ನಕ್ಕ. ಬೈಸಿಕೊಂಡು ನಗುವುದೇನಿದೆ? ಮನೆಗೆ ಬಂದು ಬೋರವ್ವನಿಗೆ ಹೇಳಿದರೆ ಅವಳೂ ರೊಟ್ಟಿ ಬಡಿಯುವುದು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರೊಟ್ಟಿ ಹೊತ್ತಿಹೋಯಿತು.

ಇವರಿಗೆಲ್ಲ ಏನಾಗಿದೆಯೋ ತಿಳಿಯದು. ಕಲಿಸುವುದು ಹೇಗೆಂದು ಇವರು ನನ್ನನ್ನು ನೋಡಿ ಕಲಿಯಬಾರದೇ? ನಾನು ಮೊದಲಿನಿಂದಲೂ ಎದುರಿಗೆ ನಿಂತು ಕಲಿಸಿದವನು.